ನಾಲ್ಕು ಭಾಷೆಯ ಮನೆಯಿಂದ ಉಪನ್ಯಾಸಕಿಯ ಹುದ್ದೆಗೆ



ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಎಂ.ಎ. ಮುಗಿಸಿ ಮನೆಯಲ್ಲಿ ಕುಳಿತ ನಮ್ಮ ಹೆಣ್ಣುಮಕ್ಕಳು ಈಗ ಅಪರೂಪವಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯ 1987ರಲ್ಲಿ ಆರಂಭವಾದ ಮೇಲೆ ಉನ್ನತ ಶಿಕ್ಷಣ ಮನೆಗೆ ಹತ್ತಿರವಾಯಿತು. ಆದರೆ ಪದವಿಪತ್ರ ಕಪಾಟು ಸೇರಿದೊಡನೆ ಓದೂ ಕಪಾಟು ಸೇರುತ್ತದೆ. "ಇನ್ನು ಓದಿ ಏನಾಗಬೇಕು?" ಎಂಬ ಮಾತು ಮನೆಯೊಳಗೇ ಕೇಳಿಬರುತ್ತದೆ. ಆ ಪ್ರಶ್ನೆಗೆ ಒಂದು ಉತ್ತರ, ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆಯಾದ ನೆಟ್. ಅದರ ವಿಷಯಗಳ ಪಟ್ಟಿಯಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದ ಒಂದು ಹೆಸರಿದೆ, ತೌಲನಿಕ ಸಾಹಿತ್ಯ.

ಹೆಸರು ಕೇಳಿ ಹೆದರಬೇಡಿ. ಒಂದು ಭಾಷೆಯ ಸಾಹಿತ್ಯವನ್ನು ಇನ್ನೊಂದು ಭಾಷೆಯ ಸಾಹಿತ್ಯದ ಪಕ್ಕದಲ್ಲಿಟ್ಟು ಓದುವುದೇ ತೌಲನಿಕ ಸಾಹಿತ್ಯ. ಯಾವುದು ಮೇಲು, ಯಾವುದು ಕೀಳು ಎಂದು ತೂಗುವುದು ಇದರ ಉದ್ದೇಶವಲ್ಲ. ಒಂದು ಕಥೆ ಗಡಿ ದಾಟಿದಾಗ ಏನನ್ನು ಉಳಿಸಿಕೊಂಡಿತು, ಏನನ್ನು ಬದಲಿಸಿಕೊಂಡಿತು, ಏಕೆ ಬದಲಿಸಿಕೊಂಡಿತು ಎಂದು ಕೇಳುವುದು ಇದರ ಕೆಲಸ.

ನಿಮ್ಮ ನೆರೆಯಲ್ಲೇ ಉದಾಹರಣೆಯಿದೆ. ತೀರ್ಥಹಳ್ಳಿ ತಾಲೂಕಿನ ಕುಪ್ಪಳ್ಳಿಯ ಕುವೆಂಪು ಶೇಕ್ಸ್‌ಪಿಯರನ 'ಹ್ಯಾಮ್ಲೆಟ್' ನಾಟಕವನ್ನು 'ರಕ್ತಾಕ್ಷಿ'ಯಾಗಿ ಕನ್ನಡಕ್ಕೆ ತಂದರು. ಡೆನ್ಮಾರ್ಕಿನ ಅರಮನೆ ಅಲ್ಲಿ ಬಿದನೂರಿನ ಅರಮನೆಯಾಯಿತು. ಬಿದನೂರೆಂದರೆ ಇಂದಿನ ಹೊಸನಗರ ತಾಲೂಕಿನ ನಗರ. 1763ರಲ್ಲಿ ಹೈದರಾಲಿ ಗೆದ್ದು ಹೈದರನಗರವೆಂದು ಕರೆದ ಊರು. ಶೇಕ್ಸ್‌ಪಿಯರನ ಒಫೀಲಿಯಾ ಹುಚ್ಚಿಯಾಗಿ ನೀರುಪಾಲಾಗುತ್ತಾಳೆ. ಕುವೆಂಪು ಅವರ ರುದ್ರಾಂಬೆ ಸೇಡಿಗೆ ಎದ್ದು ನಿಲ್ಲುತ್ತಾಳೆ, ನಾಟಕದ ಹೆಸರೂ ಅವಳದೇ ಆಗುತ್ತದೆ. ಈ ಬದಲಾವಣೆ ಏಕೆ? ಈ ಪ್ರಶ್ನೆ ಕೇಳಿಕೊಂಡ ಕ್ಷಣವೇ ನೀವು ತೌಲನಿಕ ಸಾಹಿತ್ಯದ ವಿದ್ಯಾರ್ಥಿನಿ. ಇನ್ನು ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಹಳ್ಳಿಯ ಪ್ರೇಕ್ಷಕರ ಮುಂದೆ ಜಗತ್ತಿನ ನಾಟಕಗಳನ್ನು ಕನ್ನಡದಲ್ಲಿ ಆಡಿ ತೋರಿಸುತ್ತ ಬಂದಿದೆ.

ಇನ್ನೊಂದು ಜೋಡಿ ನೋಡಿ. ತೀರ್ಥಹಳ್ಳಿಯ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಬ್ರಾಹ್ಮಣ ಬಾಲವಿಧವೆಯ ಕಥೆ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾ ತಂದೆಯ ಹಟಕ್ಕೆ ಸಂಸಾರ ಕಳೆದುಕೊಂಡವಳು. ಇಬ್ಬರ ಬದುಕನ್ನೂ ನಿರ್ಧರಿಸುವವರು ಬೇರೆಯವರು. ಒಬ್ಬಳು ಮೌನದಲ್ಲೇ ಘನತೆ ಗಳಿಸಿದರೆ, ಇನ್ನೊಬ್ಬಳಿಗೆ ಕೊಳದ ನೀರೇ ಗತಿಯಾಗುತ್ತದೆ. ಎರಡನ್ನೂ ಒಟ್ಟಿಗೆ ಓದಿದರೆ, ಅನ್ಯಾಯ ಧರ್ಮದ್ದೋ, ಧರ್ಮದ ಹೆಸರು ಹಿಡಿದ ಸಂಪ್ರದಾಯದ್ದೋ ಎಂದು ವಿವೇಚಿಸುವ ಶಕ್ತಿ ಬರುತ್ತದೆ.

ಈ ಓದಿಗೆ ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ದೊಡ್ಡ ಬಂಡವಾಳವಿದೆ. ಮನೆಯಲ್ಲಿ ಉರ್ದು ಅಥವಾ ಬ್ಯಾರಿ, ಮದ್ರಸಾದಲ್ಲಿ ಅರಬಿ, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ಇದನ್ನು ನಾವು ಗೊಂದಲವೆಂದು ಭಾವಿಸಿದ್ದೇವೆ. ಆದರೆ ಭಾಷೆಗಳ ವೈವಿಧ್ಯವನ್ನು ಕುರ್‌ಆನ್ ಅಲ್ಲಾಹನ ನಿದರ್ಶನಗಳಲ್ಲಿ ಎಣಿಸುತ್ತದೆ (ಅರ್ರೂಮ್: 22). ಪರ್ಶಿಯನ್ ಕವಿ ಹಾಫಿಝರನ್ನು ಓದಿ ಮನಸೋತ ಜರ್ಮನಿಯ ಗಯಟೆ 1819ರಲ್ಲಿ ಪೂರ್ವ ಪಶ್ಚಿಮಗಳನ್ನು ಬೆಸೆಯುವ ಕವನ ಸಂಕಲನ ತಂದರು. 1923ರಲ್ಲಿ ಅಲ್ಲಾಮ ಇಕ್ಬಾಲ್ 'ಪಯಾಮೆ ಮಶ್ರಿಕ್' ಮೂಲಕ ಅದಕ್ಕೆ ಉತ್ತರ ಕೊಟ್ಟರು. ಮನೆಯಲ್ಲಿ ಉರ್ದು, ಶಿವಮೊಗ್ಗದ ಶಾಲೆಯಲ್ಲಿ ಕನ್ನಡ ಕಲಿತ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದದ್ದು ನಿಮಗೆ ಗೊತ್ತೇ ಇದೆ.

ಇನ್ನು ಪರೀಕ್ಷೆಯ ವಿಚಾರ. ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 55, ಕೇಂದ್ರದ ಒಬಿಸಿ ಮುಂತಾದ ಮೀಸಲು ವರ್ಗದವರಿಗೆ ಶೇ. 50 ಅಂಕ ಬೇಕು. ಮೊದಲ ಪತ್ರಿಕೆಯಲ್ಲಿ ಬೋಧನೆ, ಸಂಶೋಧನೆ, ತರ್ಕ ಕುರಿತ 50 ಪ್ರಶ್ನೆಗಳು; ಎರಡನೆಯದರಲ್ಲಿ ನಿಮ್ಮ ವಿಷಯದ 100 ಪ್ರಶ್ನೆಗಳು. ಪ್ರತಿಯೊಂದಕ್ಕೂ 2 ಅಂಕ, ಒಟ್ಟು 3 ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕನಿಷ್ಠ ಅಂಕ ಬಂದರಷ್ಟೇ ಸಾಲದು, ಹಾಜರಾದವರ ಶೇ. 6ರಷ್ಟು ಮಂದಿಗೆ ಮಾತ್ರ ಅರ್ಹತೆ. ಸಂಶೋಧನಾ ಫೆಲೋಶಿಪ್‌ಗೆ 30ರ ವಯೋಮಿತಿಯಿದ್ದು, ಮಹಿಳೆಯರಿಗೆ 5 ವರ್ಷ ಸಡಿಲಿಕೆಯಿದೆ. ಸಹಾಯಕ ಪ್ರಾಧ್ಯಾಪಕರ ಅರ್ಹತೆಗೆ ವಯೋಮಿತಿಯೇ ಇಲ್ಲ. ಮದುವೆಯಾಗಿ ಮಕ್ಕಳಾದವರೂ ಇದನ್ನು ಗಮನಿಸಬೇಕು.

ಒಂದು ಎಚ್ಚರಿಕೆ. ನೆಟ್ ವಿಷಯ ನಿಮ್ಮ ಎಂ.ಎ. ವಿಷಯವೇ ಆಗಿರಬೇಕೆಂಬುದು ಸಾಮಾನ್ಯ ನಿಯಮ. ಕನ್ನಡ ಎಂ.ಎ. ಮಾಡಿ ಕನ್ನಡ ವಿಭಾಗದಲ್ಲಿ ಕಲಿಸಬೇಕೆಂದಿರುವವರು ಕನ್ನಡದಲ್ಲೇ ಬರೆಯಲಿ. ಉರ್ದು, ಇಂಗ್ಲಿಷ್‌ನವರಿಗೂ ಇದೇ ಮಾತು. ತೌಲನಿಕ ಸಾಹಿತ್ಯದ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತವೆ. ಭಾರತದಲ್ಲಿ ಇದಕ್ಕೆ ಮೊದಲ ವಿಭಾಗ ತೆರೆದದ್ದು 1956ರಲ್ಲಿ, ಕೊಲ್ಕತ್ತಾದ ಜಾದವಪುರ ವಿಶ್ವವಿದ್ಯಾನಿಲಯ. ಇಂತಹ ವಿಭಾಗಗಳು ಇಂದಿಗೂ ಕಡಿಮೆ, ಹುದ್ದೆಗಳೂ ಕಡಿಮೆ. ಆದುದರಿಂದ ಅರ್ಜಿ ತುಂಬುವ ಮುನ್ನ ಅಧಿಸೂಚನೆಯನ್ನು ಪೂರ್ತಿ ಓದಿ. ಆದರೆ ವಿಷಯ ಯಾವುದೇ ಇರಲಿ, ಹೋಲಿಸಿ ಓದುವ ಅಭ್ಯಾಸ ನಷ್ಟವಾಗದು.

ದಿನಕ್ಕೆ ಎರಡು ಗಂಟೆ ಮೀಸಲಿಡಿ. ಫಜ್ರ್ ನಮಾಝಿನ ನಂತರದ ಒಂದು ಗಂಟೆ ವಿಷಯಕ್ಕೆ, ರಾತ್ರಿಯ ಒಂದು ಗಂಟೆ ಮೊದಲ ಪತ್ರಿಕೆಗೆ. ಪ್ರಭಾವ, ಸ್ವೀಕಾರ, ಆಶಯ, ಪ್ರಕಾರ, ಅನುವಾದ ಎಂಬ ಐದು ಪರಿಕಲ್ಪನೆಗಳಿಗೆ ಒಂದೊಂದು ಪುಟ ತೆರೆದು, ನೀವು ಓದಿದ ಕೃತಿಗಳಿಂದಲೇ ಉದಾಹರಣೆ ಬರೆಯಿರಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. ಒಂದೇ ಊರಿನ ಮೂವರು ವಾರಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರಿದರೆ ತರಬೇತಿ ಕೇಂದ್ರದ ಕೊರತೆ ಅರ್ಧ ತುಂಬುತ್ತದೆ.

ಹೆತ್ತವರಲ್ಲಿ ಒಂದು ಮಾತು. ಮಗಳ ಮದುವೆಗೆಂದು ವರ್ಷಗಟ್ಟಲೆ ಕೂಡಿಡುವ ನಾವು, ಅವಳ ಓದಿಗೆ ಒಂದು ವರ್ಷ ಕೊಡಲಾರೆವೇ? ನಮ್ಮ ತಾಲೂಕಿನ ಕಾಲೇಜಿನಲ್ಲಿ ನಮ್ಮದೇ ಮನೆಯ ಮಗಳು ಪಾಠ ಹೇಳುವಂತಾದರೆ, ಮುಂದಿನ ಬೆಂಚಿನಲ್ಲಿ ಕುಳಿತ ಹುಡುಗಿಯರ ಮನೆಯಲ್ಲಿ "ಓದಿ ಏನಾಗಬೇಕು?" ಎಂದು ಯಾರೂ ಕೇಳಲಾರರು.