ಮಕ್ಕಳ ಪುಸ್ತಕವನ್ನು ಕೊಳ್ಳುವವರು ಯಾರು?

ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರು ಸೀಮೆಯಲ್ಲಿ ಮಕ್ಕಳಿಗಾಗಿ ಬರೆಯುವವರಿಗೆ ಕೊರತೆಯಿಲ್ಲ. ಅವರಲ್ಲಿ ಹೆಚ್ಚಿನವರು ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಶಿಕ್ಷಕರು. ಬೆಳಗಿನಿಂದ ಸಂಜೆಯವರೆಗೆ ಮಕ್ಕಳ ನಡುವೆಯೇ ಇರುವ ಅವರು ಮಕ್ಕಳ ಮಾತನ್ನು ಪುಸ್ತಕದಿಂದ ಕಲಿತವರಲ್ಲ, ಕಿವಿಯಿಂದ ಕೇಳಿದವರು. ಆದರೂ ಅವರ ಹಸ್ತಪ್ರತಿಗಳು ಬಹುಕಾಲ ಕಪಾಟಿನಲ್ಲಿಯೇ ಉಳಿಯುತ್ತವೆ, ಇಲ್ಲವೆ ಸ್ವಂತ ಸಂಬಳದ ಹಣದಿಂದ ಅಚ್ಚಾಗಿ, ಬಿಡುಗಡೆಯ ಸಮಾರಂಭದಲ್ಲಿ ಗೌರವ ಪ್ರತಿಗಳಾಗಿ ಹಂಚಿಹೋಗುತ್ತವೆ. ಚಿತ್ರಕಲಾ ಶಿಕ್ಷಕರ ಸ್ಥಿತಿ ಇದಕ್ಕಿಂತ ಕಷ್ಟದ್ದು. ಅವರು ಬರೆದ ಚಿತ್ರಗಳಿಗೆ ಪುಸ್ತಕದ ಒಳಪುಟದಲ್ಲಿ ಒಂದು ಹೆಸರು ಸಿಕ್ಕರೆ ಅದೇ ಸಂಭಾವನೆ. ‘ಮಕ್ಕಳ ಪುಸ್ತಕಕ್ಕೆ ಪ್ರಕಾಶಕರು ಸಿಗುವುದಿಲ್ಲ’ ಎಂಬುದು ಇಲ್ಲಿಯ ಸಾಮಾನ್ಯ ಉದ್ಗಾರ.

ಈ ಉದ್ಗಾರದಲ್ಲಿ ಸತ್ಯವಿದೆ, ಆದರೆ ಪೂರ್ಣ ಸತ್ಯವಿಲ್ಲ. ಪ್ರಕಾಶಕನು ಬರೆಯುವವನಿಗೂ ಕೊಳ್ಳುವವನಿಗೂ ನಡುವಿನ ಸೇತುವೆ ಮಾತ್ರ. ಆಚೆಯ ದಡದಲ್ಲಿ ಕೊಳ್ಳುವವನು ಇಲ್ಲದಿದ್ದರೆ ಸೇತುವೆ ಕಟ್ಟುವ ಸಾಹಸಕ್ಕೆ ಯಾರೂ ಕೈಹಾಕುವುದಿಲ್ಲ. ಮಕ್ಕಳ ಪುಸ್ತಕದ ವಿಷಯದಲ್ಲಿ ಓದುವವರು ಬೇರೆ, ಹಣ ಕೊಡುವವರು ಬೇರೆ. ಆದುದರಿಂದ ಕೇಳಬೇಕಾದ ಪ್ರಶ್ನೆ ಪ್ರಕಾಶಕರು ಎಲ್ಲಿದ್ದಾರೆ ಎಂಬುದಲ್ಲ. ಕನ್ನಡದಲ್ಲಿ ಮಕ್ಕಳ ಪುಸ್ತಕವನ್ನು ಕೊಳ್ಳುವವರು ಯಾರು, ಅವರು ಯಾವ ಲೆಕ್ಕದಲ್ಲಿ ಕೊಳ್ಳುತ್ತಾರೆ ಎಂಬುದು.

ಚರಿತ್ರೆಯಲ್ಲಿ ಈ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳು ದೊರೆತಿವೆ. ರಾಜಕುಮಾರರ ಶಿಕ್ಷಣದ ನೆಪದಲ್ಲಿ ಕಥೆಗಳನ್ನು ಹೆಣೆದ ಪಂಚತಂತ್ರವನ್ನು ಹನ್ನೊಂದನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ದುರ್ಗಸಿಂಹ, ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ. ಅವನಿಗೆ ಆಸ್ಥಾನದ ಆಶ್ರಯವಿತ್ತು. ಅಚ್ಚಿನ ಕಾಲದಲ್ಲಿ ಆಶ್ರಯದ ಸ್ಥಾನಕ್ಕೆ ಶಾಲೆ ಬಂದಿತು. ಶಿಕ್ಷಕರೂ ಶಾಲಾ ತನಿಖಾಧಿಕಾರಿಯೂ ಆಗಿದ್ದ ಪಂಜೆ ಮಂಗೇಶರಾಯರು (1874–1937) ಸಂಪಾದಿಸಿದ ಕನ್ನಡ ಪದ್ಯಪುಸ್ತಕಗಳನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ ಹೊರತಂದಿತು. ಕೊಳ್ಳುವವರು ಶಾಲೆಯ ಮಕ್ಕಳು. ಪಠ್ಯದ ಆಚೆಗೂ ಮಕ್ಕಳಿಗೆ ಓದು ಬೇಕೆಂದು ಕಂಡಾಗ ಅವರು ಇನ್ನೊಬ್ಬ ಪ್ರಕಾಶಕನಿಗಾಗಿ ಕಾಯದೆ ‘ಬಾಲಸಾಹಿತ್ಯ ಮಂಡಲ’ವನ್ನು ಕಟ್ಟಿದರು. 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಕನ್ನಡದ ಮಕ್ಕಳಿಗೆ ಕೊಟ್ಟ ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ನಡೆಸಿದವರು. ಹಾವೇರಿ ಸೀಮೆಯ ಗಳಗನಾಥರು ಮಕ್ಕಳಿಗಾಗಿ ಬರೆದವರಲ್ಲವಾದರೂ, ಶಿಕ್ಷಕನೊಬ್ಬ ತನ್ನ ಪುಸ್ತಕವನ್ನು ತಾನೇ ಹೊತ್ತು ಊರೂರು ತಿರುಗಿ ಓದುಗರನ್ನು ಹುಟ್ಟಿಸಬಹುದೆಂಬುದಕ್ಕೆ ಉತ್ತರ ಕರ್ನಾಟಕದ ದೊಡ್ಡ ನಿದರ್ಶನ. ಜಿ.ಪಿ. ರಾಜರತ್ನಂ ಅವರೂ ಪುಸ್ತಕ ಮಾರುವುದನ್ನು ಬರೆಯುವುದಕ್ಕಿಂತ ಕೀಳೆಂದು ತಿಳಿಯಲಿಲ್ಲ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ವಾರ್ಷಿಕ ಚಂದಾದಾರರನ್ನು ನೆಚ್ಚಿ ಬೆಳೆಯಿತು.

ಈ ನಿದರ್ಶನಗಳಲ್ಲಿ ಒಂದು ಸಮಾನ ಅಂಶವಿದೆ. ಪುಸ್ತಕ ಅಚ್ಚಾದ ಮೇಲೆ ಕೊಳ್ಳುವವರು ಎಲ್ಲಿಂದಲೋ ಬರುವರೆಂದು ಇವರಾರೂ ನಂಬಿ ಕೂರಲಿಲ್ಲ. ಪುಸ್ತಕದ ಜೊತೆಗೇ ಕೊಳ್ಳುವವರನ್ನೂ ರೂಪಿಸಿದರು. ಕನ್ನಡ ಮಕ್ಕಳ ಸಾಹಿತ್ಯದ ಚರಿತ್ರೆಯನ್ನು ಕೃತಿಗಳ ಚರಿತ್ರೆಯಾಗಿ ಮಾತ್ರ ಓದುವ ಅಭ್ಯಾಸದಿಂದಾಗಿ ಈ ಅಂಶ ಮರೆಯಾಗಿದೆ.

ಇಂದು ರಾಮದುರ್ಗದ ಒಬ್ಬ ಲೇಖಕ ಅಥವಾ ಚಿತ್ರಕಾರನ ಮುಂದೆ ಮೂರು ಬಾಗಿಲುಗಳಿವೆ.

ಮೊದಲನೆಯದು ಧಾರವಾಡ, ಗದಗ, ಬೆಂಗಳೂರುಗಳ ವಾಡಿಕೆಯ ಪ್ರಕಾಶನ. ಇಲ್ಲಿ ಬಹುಮಟ್ಟಿಗೆ ನಿಜವಾದ ಗ್ರಾಹಕ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ. ಒಂದು ಶೀರ್ಷಿಕೆ ಆಯ್ಕೆಯಾದರೆ ಸಾಮಾನ್ಯವಾಗಿ 300 ಪ್ರತಿಗಳು ಹೋಗುತ್ತವೆ; ಬೆಲೆ ಪುಟಗಳ ಲೆಕ್ಕದಲ್ಲಿ ನಿರ್ಧಾರವಾಗುತ್ತದೆ. ಈ ವ್ಯವಸ್ಥೆ ಇಲ್ಲದಿದ್ದರೆ ಕನ್ನಡದ ಅನೇಕ ಪ್ರಕಾಶನಗಳು ಉಳಿಯುತ್ತಿರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಕಾದಂಬರಿಗೆ, ವಿಮರ್ಶೆಗೆ ಹೊಂದುವ ಪುಟದ ಲೆಕ್ಕ ಚಿತ್ರಪುಸ್ತಕಕ್ಕೆ ಹೊಂದುವುದಿಲ್ಲ. ಆರು ವರ್ಷದ ಮಗುವಿನ ಪುಸ್ತಕಕ್ಕೆ 16, 24 ಅಥವಾ 32 ಪುಟ ಸಾಕು. ಪುಟಕ್ಕೆರಡು ಸಾಲು, ಉಳಿದುದೆಲ್ಲ ಚಿತ್ರ. ಬಣ್ಣದ ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಪ್ಲೇಟು ಬೇಕು. ಪ್ಲೇಟಿನ ವೆಚ್ಚವೂ ಚಿತ್ರಕಾರನ ಸಂಭಾವನೆಯೂ 300 ಪ್ರತಿಗೂ ಒಂದೇ, 3,000 ಪ್ರತಿಗೂ ಒಂದೇ. 300 ಪ್ರತಿಗಳ ಮೇಲೆ ಹಂಚಿದಾಗ ಆ ಹೊರೆಯನ್ನು ಯಾವ ಪ್ರಕಾಶಕನೂ ಹೊರಲಾರ.

ಪರಿಣಾಮ ಕಣ್ಣಮುಂದಿದೆ. ಹತ್ತು ಪುಟ್ಟ ಪುಸ್ತಕಗಳಾಗಬೇಕಾಗಿದ್ದ ಕಥೆಗಳು ನೂರು ಪುಟದ ಒಂದು ಸಂಕಲನವಾಗುತ್ತವೆ. ಅಕ್ಷರ ಸಣ್ಣದಾಗುತ್ತದೆ, ಚಿತ್ರ ಅಂಚೆಚೀಟಿಯ ಗಾತ್ರಕ್ಕೆ ಕುಗ್ಗುತ್ತದೆ, ಬಣ್ಣ ಮುಖಪುಟದಲ್ಲಿಯೇ ನಿಲ್ಲುತ್ತದೆ. ಮುನ್ನುಡಿ, ಬೆನ್ನುಡಿ, ಲೇಖಕರ ಮಾತು, ಪ್ರಕಾಶಕರ ಮಾತು ಸೇರಿ ಮಗು ಎಂದೂ ಓದದ ಪುಟಗಳು ಬೆಳೆಯುತ್ತವೆ. ಮಕ್ಕಳಿಗಾಗಿ ಎಂದು ಹೊರಬಂದ ಪುಸ್ತಕ ರೂಪದಲ್ಲಿ ಹಿರಿಯರ ಪುಸ್ತಕವೇ ಆಗಿರುತ್ತದೆ. ಇದಕ್ಕೆ ಲೇಖಕನ ಅಭಿರುಚಿಯನ್ನಾಗಲಿ ಪ್ರಕಾಶಕನ ಲೋಭವನ್ನಾಗಲಿ ದೂರಿ ಫಲವಿಲ್ಲ. ಕೊಳ್ಳುವ ನಿಯಮವೇ ಪುಸ್ತಕದ ಆಕಾರವನ್ನು ಗೊತ್ತುಮಾಡಿದೆ.

ಎರಡನೆಯ ಬಾಗಿಲು ಹಲವು ಭಾಷೆಗಳಲ್ಲಿ ಪ್ರಕಟಿಸುವ ಸಂಸ್ಥೆಗಳದು. 1957ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟ್, ಚೆನ್ನೈನ ತೂಲಿಕಾ, 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಇವುಗಳ ಬಲ ಒಂದೇ ಲೆಕ್ಕಾಚಾರದಲ್ಲಿದೆ: ಚಿತ್ರ ಒಂದು, ಭಾಷೆ ಹಲವು. ಬಣ್ಣದ ಚಿತ್ರಗಳು ಎಲ್ಲ ಭಾಷೆಗೂ ಸಾಮಾನ್ಯ. ಬದಲಾಗುವುದು ಅಕ್ಷರ ಮಾತ್ರ. ಈ ಲೆಕ್ಕ ಹೊಸದಲ್ಲ. 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಹುಟ್ಟಿ 1949ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’ ಇದೇ ದಾರಿಯಲ್ಲಿ ಬೆಳೆಯಿತು. ಬೇತಾಳ ಕಥೆಗಳಿಗೆ ರೂಪ ಕೊಟ್ಟ ಕೆ.ಸಿ. ಶಿವಶಂಕರನ್ ಅವರಂಥ ಕಲಾವಿದರು ದಶಕಗಳ ಕಾಲ ಅದರಲ್ಲಿ ನೆಲೆನಿಂತು ಬದುಕಿದ್ದು, ಅವರ ಒಂದೊಂದು ಚಿತ್ರದ ವೆಚ್ಚ ಅನೇಕ ಭಾಷೆಗಳ ಓದುಗರ ಮೇಲೆ ಹಂಚಿಹೋಗುತ್ತಿದ್ದುದರಿಂದ. ಈ ಸಂಸ್ಥೆಗಳನ್ನು ಸಮೀಪಿಸುವವರು ಒಂದು ವ್ಯತ್ಯಾಸವನ್ನು ಅರಿತಿರಬೇಕು. ನಮ್ಮ ವಾಡಿಕೆಯಲ್ಲಿ ಲೇಖಕನೇ ಪರಿಚಯದ ಕಲಾವಿದನಿಂದ ಚಿತ್ರ ಬರೆಸಿ ಕೊಡುತ್ತಾನೆ. ಇಂಥ ಸಂಸ್ಥೆಗಳಲ್ಲಿ ಚಿತ್ರಕಾರನನ್ನು ಸಾಮಾನ್ಯವಾಗಿ ಸಂಪಾದಕರೇ ಆರಿಸುತ್ತಾರೆ. ಆದುದರಿಂದ ಲೇಖಕ ಬರಹವನ್ನಷ್ಟೇ, ಚಿತ್ರಕಾರ ತನ್ನ ಮಾದರಿ ಚಿತ್ರಗಳನ್ನಷ್ಟೇ ಪ್ರತ್ಯೇಕವಾಗಿ ಕಳುಹಿಸುವುದು ಮೇಲು.

ಈ ಬಾಗಿಲಿನ ಮಿತಿಯೂ ಅದರ ಬಲದಲ್ಲಿಯೇ ಅಡಗಿದೆ. ಹತ್ತು ಭಾಷೆಗಳ ಮಕ್ಕಳಿಗೆ ಹೊಂದಬೇಕಾದ ಚಿತ್ರ ಯಾವ ಒಂದು ಊರಿನ ಚಿತ್ರವೂ ಆಗದಿರುವ ಅಪಾಯವಿದೆ. ಕನ್ನಡದಲ್ಲಿ ದೊರೆಯುವ ಇಂಥ ಪುಸ್ತಕಗಳಲ್ಲಿ ಅನುವಾದದ ಪಾಲು ದೊಡ್ಡದು. ಅನುವಾದದ ಭಾಷೆ ಸಹಜವಾಗಿಯೇ ಶಿಷ್ಟ ಕನ್ನಡ. 2015ರಲ್ಲಿ ಪ್ರಥಮ್ ಬುಕ್ಸ್ ತೆರೆದ ‘ಸ್ಟೋರಿವೀವರ್’ ಮುಕ್ತ ಪರವಾನಗಿಯಲ್ಲಿ ಯಾರು ಬೇಕಾದರೂ ಕಥೆ ಬರೆಯಲು, ಅನುವಾದಿಸಲು, ಮುದ್ರಿಸಿಕೊಳ್ಳಲು ಅವಕಾಶ ಕೊಟ್ಟಿದೆ. ಶಿಕ್ಷಕರಿಗೆ ಇದು ದೊಡ್ಡ ಉಪಕಾರ. ಆದರೆ ಮಗು ಮಡಿಲಲ್ಲಿಟ್ಟುಕೊಂಡು ಪುಟ ತಿರುವುವ ಪುಸ್ತಕದ ಕೆಲಸವನ್ನು ಮೊಬೈಲಿನ ಪರದೆ ಮಾಡಲಾರದು. ಹೊಸ ಚಿತ್ರಕಾರನಿಗೆ ಜೀವನೋಪಾಯವನ್ನೂ ಅದು ಒದಗಿಸಲಾರದು.

ಮೂರನೆಯ ಬಾಗಿಲು ಸ್ವಂತ ಹಣದ್ದು. ಇದರ ಬಗೆಗೆ ಸಾಹಿತ್ಯವಲಯದಲ್ಲಿ ಒಂದು ಬಗೆಯ ತಾತ್ಸಾರವಿದೆ. ಪಂಜೆ, ಕಾರಂತ, ಗಳಗನಾಥರ ಪರಂಪರೆಯನ್ನು ನೆನೆದರೆ ಆ ತಾತ್ಸಾರಕ್ಕೆ ಆಧಾರವಿಲ್ಲ. ತೊಡಕಿರುವುದು ಹಣ ಯಾರದು ಎಂಬಲ್ಲಿ ಅಲ್ಲ. ಅಂದಿನವರು ಕಟ್ಟಿದ ಕೊಳ್ಳುಗರ ಬಳಗ ಇಂದು ಇಲ್ಲವೆಂಬಲ್ಲಿ.

ಹೀಗಾಗಿ ನಷ್ಟವಾಗುತ್ತಿರುವುದೇನು? ರಾಮದುರ್ಗ ನೇಕಾರರ ಊರು. ಮಗ್ಗದ ಸಪ್ಪಳದಲ್ಲಿ ನಿದ್ದೆಹೋಗುವ, ಲಾಳಿ, ಕಂಡಿಕೆ, ಹಾಸು, ಹೊಕ್ಕು ಎಂಬ ಮಾತುಗಳನ್ನು ಅಕ್ಷರಕ್ಕಿಂತ ಮೊದಲೇ ಕಲಿಯುವ ಮಕ್ಕಳು ಇಲ್ಲಿದ್ದಾರೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಮನೆಯೊಳಗೆ ಬಂದುದನ್ನು ಕಂಡ ಮಕ್ಕಳು ಇಲ್ಲಿದ್ದಾರೆ. ಆ ಮಗು ಓದುವ ಚಿತ್ರಪುಸ್ತಕದಲ್ಲಿ ಮಗ್ಗ ಇರುವುದು ಅಪರೂಪ. ‘ಅವ್ವಾ, ನೀರ ಬಂತು’ ಎಂಬ ಮಾತು ಇರುವುದು ಇನ್ನೂ ಅಪರೂಪ. ಪ್ರಾದೇಶಿಕ ನುಡಿಯಲ್ಲಿ ಬರೆದರೆ ಮಕ್ಕಳಿಗೆ ಶುದ್ಧ ಭಾಷೆ ಬಾರದು, ಬೇರೆ ಜಿಲ್ಲೆಯವರು ಕೊಳ್ಳರು ಎಂಬ ಆಕ್ಷೇಪವಿದೆ. ಮೊದಲನೆಯದಕ್ಕೆ ಉತ್ತರ ಸರಳ: ಶಿಷ್ಟ ಭಾಷೆಯನ್ನು ಕಲಿಸಲು ಪಠ್ಯಪುಸ್ತಕ ಇದ್ದೇ ಇದೆ, ಓದಿನ ಮೇಲೆ ಪ್ರೀತಿ ಹುಟ್ಟುವುದು ತನ್ನ ಮನೆಯ ಮಾತು ಅಚ್ಚಿನಲ್ಲಿ ಕಂಡಾಗ. ಎರಡನೆಯ ಆಕ್ಷೇಪಕ್ಕೆ ಬೇಂದ್ರೆಯವರೇ ಉತ್ತರ. ಧಾರವಾಡದ ನುಡಿಯನ್ನು ನಾಡೆಲ್ಲ ಹಾಡಿತು.

ಬರೆಯುವ ಶಕ್ತಿಯ ಬಗೆಗೂ ಸಂದೇಹ ಬೇಡ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿಹೋದ ಹುಡುಗ’ಕ್ಕೆ, 2022ರಲ್ಲಿ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’ಗೆ, 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ಗೆ ಸಂದಿದೆ. ಬೆಂಗಳೂರಿನ ಆಚೆಗಿನ ಅನುಭವಲೋಕ ಮಕ್ಕಳ ಸಾಹಿತ್ಯದಲ್ಲಿ ಗಟ್ಟಿಯಾಗಿ ಮಾತನಾಡುತ್ತಿದೆ. ಆದರೆ ಪುರಸ್ಕಾರ ಲೇಖಕನಿಗೆ ಸಲ್ಲುತ್ತದೆ. ಪುಸ್ತಕ ಮಗುವಿನ ಕೈಗೆ ಸೇರುವುದು ಬೇರೆಯೇ ಕೆಲಸ.

ಆ ಕೆಲಸಕ್ಕೆ ಮೂರು ಮಾರ್ಗಗಳನ್ನು ಸೂಚಿಸಬಹುದು. ಮೊದಲನೆಯದು, ಸಗಟು ಖರೀದಿಯಲ್ಲಿ ಚಿತ್ರಪುಸ್ತಕಕ್ಕೆ ಪುಟದ ಲೆಕ್ಕವನ್ನು ಬಿಟ್ಟು, ಬಣ್ಣ, ಕಾಗದ, ಚಿತ್ರಕಾರನ ಸಂಭಾವನೆ ಇವುಗಳನ್ನು ಗಣಿಸುವ ಪ್ರತ್ಯೇಕ ಮಾನದಂಡ ಹಾಗೂ ಹೆಚ್ಚಿನ ಪ್ರತಿಗಳು. ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಬಳಿಕ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ ಮಕ್ಕಳನ್ನು ಉಚಿತ ಸದಸ್ಯರನ್ನಾಗಿ ಬರಮಾಡಿಕೊಂಡಿವೆ. ಬಾಗಿಲು ತೆರೆದ ಮೇಲೆ ಒಳಗೆ ಮಕ್ಕಳ ಪುಸ್ತಕವೂ ಇರಬೇಕಲ್ಲವೆ?

ಎರಡನೆಯದು, ಸಹಕಾರ. ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ರೈತರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದ ನಾಡಿದು. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಎಂಬ ಕಿರಿಯರ ವಿಶ್ವಕೋಶವನ್ನು ಹೊರತಂದದ್ದೂ ಒಂದು ಸಹಕಾರಿ ಪ್ರಕಾಶನ ಸಂಸ್ಥೆಯೇ. ನಾಲ್ಕು ತಾಲೂಕುಗಳ 500 ಶಾಲೆಗಳು ತಲಾ ನಾಲ್ಕು ಪ್ರತಿಗೆ ಮುಂಗಡ ಕೊಡಲು ಒಪ್ಪಿದರೆ 2,000 ಪ್ರತಿಗಳಾಗುತ್ತವೆ. ಆ ಸಂಖ್ಯೆಯಲ್ಲಿ ಬಣ್ಣದ ಪ್ಲೇಟಿನ ಹೊರೆ ಹಗುರವಾಗುತ್ತದೆ, ಚಿತ್ರಕಾರನಿಗೆ ಸಂಭಾವನೆ ಕೊಡಲು ಸಾಧ್ಯವಾಗುತ್ತದೆ. ಪ್ರಕಾಶಕನೂ ಆಗ ತಾನಾಗಿಯೇ ಮುಂದೆ ಬರುತ್ತಾನೆ.

ಮೂರನೆಯದು, ಲಿಖಿತ ಒಪ್ಪಂದ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಅದಕ್ಕೆ ಸಹಿ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷವೆಂದೂ ಪ್ರದೇಶವನ್ನು ನಮೂದಿಸದಿದ್ದರೆ ಅದು ಭಾರತವೆಂದೂ ಕಾಯ್ದೆಯೇ ಹೇಳುತ್ತದೆ. ಚಿತ್ರವು ಬರಹದ ಅಲಂಕಾರವಲ್ಲ. ಕಾನೂನಿನ ದೃಷ್ಟಿಯಲ್ಲಿ ಅದು ಸ್ವತಂತ್ರ ಕಲಾಕೃತಿ. ಮರುಮುದ್ರಣ, ಅನುವಾದ, ಡಿಜಿಟಲ್ ರೂಪ ಇವುಗಳಲ್ಲಿ ತನ್ನ ಪಾಲೇನು ಎಂಬುದನ್ನು ಚಿತ್ರಕಾರ ಸಹಿ ಹಾಕುವ ಮೊದಲೇ ಕೇಳುವುದು ಉದ್ಧಟತನವಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ಇಲ್ಲೊಂದು ಕೆಲಸವಿದೆ. ಮಕ್ಕಳ ಸಾಹಿತ್ಯದ ಸಂಶೋಧನೆಯೆಂದರೆ ವಸ್ತು, ಛಂದಸ್ಸು, ನೀತಿ ಎಂಬ ವಿಭಾಗಗಳಲ್ಲಿ ಕವಿತೆಗಳನ್ನು ವಿಂಗಡಿಸುವುದೆಂಬ ಭಾವನೆ ಬಲವಾಗಿದೆ. ಒಂದು ಪುಸ್ತಕದ ಎಷ್ಟು ಪ್ರತಿ ಅಚ್ಚಾದವು, ಬೆಲೆ ಎಷ್ಟಿತ್ತು, ಯಾರು ಕೊಂಡರು, ಚಿತ್ರ ಬರೆದವರು ಯಾರು, ಅವರಿಗೆ ಏನು ಸಂದಿತು ಎಂಬ ಪ್ರಶ್ನೆಗಳೂ ಸಾಹಿತ್ಯ ಚರಿತ್ರೆಯ ಪ್ರಶ್ನೆಗಳೇ. ಹಳಗನ್ನಡ ಕೃತಿಯ ಕವಿಯೊಡನೆ ಪೋಷಕನನ್ನೂ ಲಿಪಿಕಾರನನ್ನೂ ಹುಡುಕುವ ವಿದ್ವತ್ತು ಆಧುನಿಕ ಮಕ್ಕಳ ಪುಸ್ತಕದ ಕೊಳ್ಳುಗನನ್ನೂ ಚಿತ್ರಕಾರನನ್ನೂ ಏಕೆ ಬಿಟ್ಟಿದೆ? ರಾಮದುರ್ಗ ತಾಲೂಕಿನ ಶಾಲೆಗಳ, ಪಂಚಾಯತಿ ಗ್ರಂಥಾಲಯಗಳ ಕಪಾಟುಗಳಲ್ಲಿ ಆರರಿಂದ ಹತ್ತು ವರ್ಷದ ಮಕ್ಕಳು ನಿಜವಾಗಿ ಓದಬಲ್ಲ ಪುಸ್ತಕಗಳು ಎಷ್ಟಿವೆ ಎಂಬುದರ ಒಂದು ಪಟ್ಟಿಯನ್ನು ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ಒಂದು ಬೇಸಿಗೆ ರಜೆಯಲ್ಲಿ ಸಿದ್ಧಪಡಿಸಬಹುದು. ಖರೀದಿಯ ನಿಯಮ ಬದಲಾಗಬೇಕೆಂದು ಕೇಳುವವರಿಗೆ ಅಂಥ ಪಟ್ಟಿ ಒದಗಿಸುವ ಬಲವನ್ನು ಯಾವ ಭಾಷಣವೂ ಒದಗಿಸಲಾರದು.