ಐರೋಪ್ಯ ಒಕ್ಕೂಟದಲ್ಲಿ ಐರ್ಲೆಂಡ್: ಸಾಮಂತನೋ, ಸಹಭಾಗಿಯೋ?

ಶಾಸನಗಳನ್ನು ಓದುವವರಿಗೆ ‘ಸಾಮಂತ’ ಎಂಬ ಪದ ಚಿರಪರಿಚಿತ. ಚಕ್ರವರ್ತಿಗೆ ಅಧೀನನಾದ ಅರಸ ಎಂಬುದು ಅದರ ರೂಢಿಯ ಅರ್ಥ. ಆದರೆ ಸಂಸ್ಕೃತದಲ್ಲಿ ಆ ಪದಕ್ಕೆ ಮೊದಲಿದ್ದ ಅರ್ಥ ನೆರೆಯವನು, ಗಡಿಗೆ ಹೊಂದಿಕೊಂಡಿರುವವನು ಎಂದು. ನೆರೆಯವನು ಅಧೀನನಾದ ಈ ಅರ್ಥಪಲ್ಲಟದಲ್ಲಿ ಒಂದು ರಾಜಕೀಯ ಅನುಭವವೇ ಅಡಗಿದೆ. ಬಲಾಢ್ಯನ ಪಕ್ಕದಲ್ಲಿರುವ ಚಿಕ್ಕವನು ಬಹುಕಾಲ ಬರಿಯ ನೆರೆಯವನಾಗಿಯೇ ಉಳಿಯುವುದು ಕಷ್ಟ. ಸ್ವತಂತ್ರ ರಾಷ್ಟ್ರವೊಂದು ತನ್ನ ಅಧಿಕಾರದ ಪಾಲನ್ನು ತನಗಿಂತ ದೊಡ್ಡದಾದ ಒಕ್ಕೂಟಕ್ಕೆ ಒಪ್ಪಿಸುವುದು ಲಾಭವೋ ನಷ್ಟವೋ ಎಂಬ ಚರ್ಚೆಯನ್ನು ಈ ಪದದ ಬೆಳಕಿನಲ್ಲಿ ನೋಡಬಹುದೆಂದು ನನಗೆ ತೋರುತ್ತದೆ. ಇದಕ್ಕೆ ಐರ್ಲೆಂಡಿಗಿಂತ ಒಳ್ಳೆಯ ನಿದರ್ಶನ ಸಿಗುವುದು ವಿರಳ.

ಒಕ್ಕೂಟ ಸೇರಿದರೆ ಸಾರ್ವಭೌಮತ್ವ ಕಳೆದುಹೋಗುತ್ತದೆ ಎಂಬುದು ವಿರೋಧಿಗಳ ಮುಖ್ಯ ವಾದ. ಸೇರುವುದಕ್ಕೆ ಮುನ್ನ ಅದು ಪೂರ್ಣವಾಗಿತ್ತು ಎಂಬ ಗ್ರಹಿಕೆ ಇದರ ಹಿಂದಿದೆ. ಐರ್ಲೆಂಡಿನ ಇತಿಹಾಸ ಈ ಗ್ರಹಿಕೆಯನ್ನು ಸಮರ್ಥಿಸುವುದಿಲ್ಲ. 1922ರಲ್ಲಿ ಸ್ವತಂತ್ರ ರಾಜ್ಯ ಸ್ಥಾಪನೆಯಾದರೂ ಅದರ ನಾಣ್ಯವು 1979ರವರೆಗೆ ಬ್ರಿಟನ್ನಿನ ಪೌಂಡಿಗೆ ಸರಿಸಮವಾಗಿ ಕಟ್ಟುಬಿದ್ದಿತ್ತು. ಬಡ್ಡಿಯ ದರವನ್ನು ವಸ್ತುತಃ ನಿರ್ಧರಿಸುತ್ತಿದ್ದುದು ಲಂಡನ್. ಅಲ್ಲಿ ಐರಿಷರಿಗೆ ಆಸನವಿರಲಿಲ್ಲ. 1932ರಿಂದ 1938ರವರೆಗೆ ಎರಡು ದೇಶಗಳ ನಡುವೆ ವ್ಯಾಪಾರ ಕಲಹ ನಡೆದಾಗ, ಐರಿಷ್ ದನಕರುಗಳ ಮೇಲೆ ಬ್ರಿಟನ್ ಹೇರಿದ ಸುಂಕದಿಂದ ಸಾಮಾನ್ಯ ರೈತರು ನಲುಗಿದರು. ಕೊಳ್ಳುವವನು ಒಬ್ಬನೇ ಆದಾಗ ಮಾರುವವನ ಸ್ವಾತಂತ್ರ್ಯಕ್ಕೆ ಹೆಚ್ಚಿನ ಅರ್ಥವಿರುವುದಿಲ್ಲ. ಧ್ವಜ, ಸಂವಿಧಾನ, ಸಂಸತ್ತು ಎಲ್ಲವೂ ಇದ್ದೂ ದೇಶವು ಆರ್ಥಿಕವಾಗಿ ಸಾಮಂತಸ್ಥಿತಿಯಲ್ಲಿಯೇ ಇತ್ತು.

1972ರ ಜನಮತಗಣನೆಯಲ್ಲಿ ಶೇ. 83ರಷ್ಟು ಮತದಾರರು ಐರೋಪ್ಯ ಸಮುದಾಯ ಸೇರಲು ಒಪ್ಪಿದ್ದನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕು. 1973ರಲ್ಲಿ ಸೇರುವಾಗ ಅದರ ರಫ್ತಿನ ಅರ್ಧಕ್ಕಿಂತ ಹೆಚ್ಚು ಪಾಲು ಬ್ರಿಟನ್ನಿಗೇ ಹೋಗುತ್ತಿತ್ತು. ಮುಂದಿನ ದಶಕಗಳಲ್ಲಿ ಈ ಏಕಾವಲಂಬನೆ ಕರಗಿತು. ಸಮಾನ ವೇತನದ ನಿಯಮವನ್ನು ಮುಂದೂಡಲು ಐರಿಷ್ ಸರ್ಕಾರ ಮಾಡಿದ ಕೋರಿಕೆಯನ್ನು 1976ರಲ್ಲಿ ಐರೋಪ್ಯ ಆಯೋಗ ತಿರಸ್ಕರಿಸಿದ್ದರಿಂದ, ಸ್ವದೇಶದ ಸರ್ಕಾರ ಕೊಡಲು ಹಿಂಜರಿದ ನ್ಯಾಯ ಮಹಿಳೆಯರಿಗೆ ಹೊರಗಿನಿಂದ ದೊರೆಯಿತು. 2016ರ ನಂತರ ಬ್ರಿಟನ್ ಒಕ್ಕೂಟವನ್ನು ತೊರೆಯುವ ಮಾತುಕತೆಯಲ್ಲಿ, ಉತ್ತರ ಐರ್ಲೆಂಡಿನೊಡನೆ ಇರುವ ಸುಮಾರು 500 ಕಿ.ಮೀ. ಗಡಿ ಮತ್ತೆ ತಪಾಸಣೆಯ ಗಡಿಯಾಗಬಾರದೆಂದು ಒಕ್ಕೂಟದ ಉಳಿದ ಸದಸ್ಯರೆಲ್ಲರೂ ಐರ್ಲೆಂಡಿನ ಪರ ನಿಂತರು. ಆಂಗ್ಲೋ-ಐರಿಷ್ ಸಂಬಂಧದ ದೀರ್ಘ ಇತಿಹಾಸದಲ್ಲಿ, ಮಾತುಕತೆಯ ಮೇಜಿನಲ್ಲಿ ಚಿಕ್ಕ ದೇಶದ ಪಕ್ಷವೇ ದೊಡ್ಡದಾಗಿದ್ದ ಸಂದರ್ಭಗಳು ಅಪರೂಪ.

ಇನ್ನು ನಷ್ಟದ ಬಾಬತ್ತು. ಇದನ್ನು ಹಗುರವಾಗಿ ಕಾಣುವಂತಿಲ್ಲ. ಯೂರೋ ನಾಣ್ಯವನ್ನು ಒಪ್ಪಿಕೊಂಡ ಮೇಲೆ ಬಡ್ಡಿಯ ದರ ಫ್ರಾಂಕ್‌ಫರ್ಟಿನಲ್ಲಿ ನಿಗದಿಯಾಗತೊಡಗಿತು. ದೊಡ್ಡ ದೇಶಗಳಿಗೆ ಹಿತವಾದ ಅಗ್ಗದ ಸಾಲ ಐರ್ಲೆಂಡಿನಲ್ಲಿ ಮನೆ ಕಟ್ಟುವ ಉನ್ಮಾದವನ್ನು ಬೆಳೆಸಿತು. ಬ್ಯಾಂಕುಗಳ ಸಾಲಕ್ಕೆಲ್ಲ ತಾನೇ ಹೊಣೆಯೆಂದು 2008ರಲ್ಲಿ ಘೋಷಿಸಿದ್ದು ಐರಿಷ್ ಸರ್ಕಾರದ ಸ್ವಂತ ತಪ್ಪು, ನಿಜ. ಆದರೆ 2010ರ ನವೆಂಬರಿನಲ್ಲಿ, ನೆರವಿಗಾಗಿ ಅರ್ಜಿ ಸಲ್ಲಿಸದಿದ್ದರೆ ಬ್ಯಾಂಕುಗಳಿಗೆ ನೀಡುತ್ತಿರುವ ತುರ್ತು ಹಣವನ್ನು ಮುಂದುವರಿಸಲಾಗದೆಂದು ಐರೋಪ್ಯ ಕೇಂದ್ರೀಯ ಬ್ಯಾಂಕು ಹಣಕಾಸು ಸಚಿವರಿಗೆ ಪತ್ರ ಬರೆಯಿತು. ಆ ಪತ್ರ ಅಧಿಕೃತವಾಗಿ ಪ್ರಕಟವಾದದ್ದು 2014ರಲ್ಲಿ. 8,500 ಕೋಟಿ ಯೂರೋಗಳ ನೆರವಿನೊಡನೆ ಬಂದ ಷರತ್ತುಗಳ ಭಾರವನ್ನು ಹೊತ್ತವರು ಸಾಲ ಮಾಡಿದ ಬ್ಯಾಂಕಿನವರಲ್ಲ, ತೆರಿಗೆ ಕಟ್ಟುವ ಜನ. ತಾವು ಆರಿಸದ, ತಾವು ತೆಗೆದುಹಾಕಲಾಗದ ಅಧಿಕಾರಕ್ಕೆ ಪ್ರಜೆಗಳು ತಲೆಬಾಗಬೇಕಾದ ಇಂಥ ಗಳಿಗೆಯಲ್ಲಿ ಸಹಭಾಗಿ ಎಂಬ ಮಾತು ಪೊಳ್ಳಾಗಿ ಕೇಳಿಸುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಮಗ್ಗುಲು ಭಾಷೆಯದು. ಒಕ್ಕೂಟಕ್ಕೆ 24 ಅಧಿಕೃತ ಭಾಷೆಗಳಿವೆ. ಅದರ ಕಾನೂನಿನ ಪಾಠ ಇಪ್ಪತ್ನಾಲ್ಕರಲ್ಲಿಯೂ ಸಮಾನವಾಗಿ ಪ್ರಮಾಣ. 1973ರಲ್ಲಿ ಐರಿಷ್ ಭಾಷೆಗೆ ಮೂಲ ಒಪ್ಪಂದಗಳ ಭಾಷೆಯೆಂಬ ಸ್ಥಾನವಷ್ಟೇ ಇತ್ತು. ಹೆಚ್ಚಿನದನ್ನು ಆಗ ಐರಿಷ್ ಸರ್ಕಾರವೇ ಕೇಳಿರಲಿಲ್ಲ. ಅದು ಅಧಿಕೃತ ಭಾಷೆಯಾದದ್ದು 2007ರಲ್ಲಿ. ಅನುವಾದಕರ ಕೊರತೆಯ ಕಾರಣಕ್ಕಿದ್ದ ವಿನಾಯಿತಿ ತೊಲಗಿ ಪೂರ್ಣ ಸ್ಥಾನ ದೊರೆತದ್ದು 2022ರಲ್ಲಿ. ಅದೇ ವರ್ಷದ ಜನಗಣತಿಯ ಪ್ರಕಾರ ಶಾಲೆಯ ಹೊರಗೆ ದಿನನಿತ್ಯ ಆ ಭಾಷೆಯನ್ನು ಆಡುವವರು ಸುಮಾರು 72 ಸಾವಿರ. ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಜನ ಆಡುವ ಕತಲಾನ್ ಭಾಷೆಗೆ ಈ ಸ್ಥಾನವಿಲ್ಲ. ಒಕ್ಕೂಟದೊಳಗೆ ಅದರ ಬೆನ್ನಿಗೆ ಸ್ವಂತ ರಾಷ್ಟ್ರವಿಲ್ಲ. 2023ರಲ್ಲಿ ಸ್ಪೇನ್ ಕೇಳಿದಾಗಲೂ, ಎಲ್ಲ ಸದಸ್ಯ ರಾಷ್ಟ್ರಗಳ ಒಮ್ಮತ ಅಗತ್ಯವಾದ್ದರಿಂದ ಅದು ಕೂಡಲೇ ಕೈಗೂಡಲಿಲ್ಲ. ಒಕ್ಕೂಟವು ರಾಷ್ಟ್ರಗಳ ದನಿಯನ್ನು ಆಲಿಸುತ್ತದೆ, ಜನಸಮುದಾಯಗಳ ದನಿಯನ್ನಲ್ಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಹಾಗಾದರೆ ಹೊರಗುಳಿಯುವುದು ಮೇಲೇ? ನಾರ್ವೆ 1972 ಮತ್ತು 1994ರಲ್ಲಿ ಸದಸ್ಯತ್ವವನ್ನು ನಿರಾಕರಿಸಿತು. ಆದರೂ ಮಾರುಕಟ್ಟೆಯ ಪ್ರವೇಶಕ್ಕಾಗಿ ಅದು ಒಕ್ಕೂಟದ ಅನೇಕ ನಿಯಮಗಳನ್ನು, ಅವುಗಳ ರಚನೆಯಲ್ಲಿ ಮತವಿಲ್ಲದೆ, ಪಾಲಿಸುತ್ತಿದೆ. ತೈಲಸಂಪತ್ತಿರುವ ದೇಶಕ್ಕೆ ಈ ಬೆಲೆ ತೆರುವುದು ಸಾಧ್ಯ, ಎಲ್ಲರಿಗೂ ಅಲ್ಲ.

ನನ್ನ ತೀರ್ಮಾನ ಇಷ್ಟು: ಐರ್ಲೆಂಡಿನ ಪಾಲಿಗೆ ಲಾಭದ ತಕ್ಕಡಿಯೇ ತೂಗುತ್ತದೆ, ಆದರೆ ಒಪ್ಪಿಗೆಯನ್ನು ಮತ್ತೆ ಮತ್ತೆ ಕೇಳುವ ಪದ್ಧತಿ ಜೀವಂತವಾಗಿರುವ ತನಕ ಮಾತ್ರ. 1987ರಲ್ಲಿ ರೇಮಂಡ್ ಕ್ರಾಟಿ ಎಂಬ ಅರ್ಥಶಾಸ್ತ್ರಜ್ಞರು ಹೂಡಿದ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನಿಂದಾಗಿ, ಒಕ್ಕೂಟದ ಸ್ವರೂಪವನ್ನು ಬದಲಿಸುವ ಪ್ರಮುಖ ಒಪ್ಪಂದಗಳು ಐರಿಷ್ ಜನರ ಮುಂದೆ ಬರುತ್ತಿವೆ. 2008ರಲ್ಲಿ ಅವರು ಲಿಸ್ಬನ್ ಒಪ್ಪಂದವನ್ನು ತಿರಸ್ಕರಿಸಿದರು. ಮರುವರ್ಷ, ತಟಸ್ಥ ನೀತಿ ಮತ್ತು ತೆರಿಗೆಯ ವಿಷಯದಲ್ಲಿ ಭರವಸೆ ಪಡೆದ ಮೇಲೆ ಅದನ್ನೇ ಒಪ್ಪಿದರು. ಬೇಕಾದ ಉತ್ತರ ಬರುವ ತನಕ ಪ್ರಶ್ನೆ ಕೇಳಿದರು ಎಂಬ ಟೀಕೆಯಲ್ಲಿ ಸತ್ಯಾಂಶವಿದೆ. ಆದರೂ ಅವರ ‘ಇಲ್ಲ’ಕ್ಕೆ ಒಂದು ಬೆಲೆ ಸಿಕ್ಕಿತು. 1932ರಲ್ಲಿ ದನಗಳನ್ನು ಮಾರಲಾಗದೆ ಕುಳಿತ ರೈತನ ‘ಇಲ್ಲ’ಕ್ಕೆ ಲಂಡನ್ನಿನಲ್ಲಿ ಅಷ್ಟು ಬೆಲೆಯೂ ಇರಲಿಲ್ಲ.