ಕೊಟ್ಟ ಮಾತು, ಕೆಟ್ಟ ಮಾತು

ನುಡಿದಂತೆ ನಡೆಯುವುದೇ ವರ್ತಕನ ಮೊದಲ ಬಂಡವಾಳವೆಂದು ನಮ್ಮ ಹಿರಿಯರು ನಂಬಿದ್ದರು. ಪತ್ರವಿಲ್ಲದೆ, ಸಾಕ್ಷಿಯಿಲ್ಲದೆ, ಬಾಯಿಮಾತಿನ ಮೇಲೆಯೇ ದೊಡ್ಡ ದೊಡ್ಡ ವ್ಯವಹಾರಗಳು ಸಾಗುತ್ತಿದ್ದವು. ಆ ವಿಶ್ವಾಸವು ಇಂದಿಗೂ ಗೌರವಾರ್ಹವೇ. ಆದರೆ ಅದರ ಹೆಸರಿನಲ್ಲಿ ಅಪಾಯಕರವಾದ ವಾದವೊಂದು ತಲೆಯೆತ್ತುತ್ತದೆ: “ಸರ್ಕಾರಿ ಗುತ್ತಿಗೆ ಕೊಡಿಸಿದವನಿಗೆ ಕಮಿಷನ್ ಕೊಡುತ್ತೇನೆಂದು ಒಪ್ಪಿದ ಮೇಲೆ ಕೊಡಲೇಬೇಕು, ಕೊಡದವನು ವಚನಭ್ರಷ್ಟ.” ಈ ವಾದವನ್ನು ಖಂಡಿಸುವುದು ಅವಶ್ಯಕ.

ಬಾಯಿಮಾತಿನದೆಂಬ ಕಾರಣಕ್ಕೇ ಕರಾರು ದುರ್ಬಲವಾಗುವುದಿಲ್ಲ. ಬರವಣಿಗೆಯನ್ನು ಬೇರೆ ಕಾನೂನು ಕಡ್ಡಾಯಗೊಳಿಸದಿದ್ದರೆ, 1872ರ ಭಾರತೀಯ ಕರಾರು ಕಾಯಿದೆಯ 10ನೆಯ ಕಲಮಿನಂತೆ ಮೌಖಿಕ ಒಪ್ಪಂದವೂ ಸಿಂಧುವೇ. ಸರಕಿನ ಗುಣವನ್ನು ವಿವರಿಸಿ, ಟೆಂಡರಿನ ನಿಯಮಕ್ಕೆ ಒಳಪಟ್ಟು ಬಹಿರಂಗವಾಗಿ ದುಡಿದ ಪ್ರತಿನಿಧಿಗೆ ಪ್ರತಿಫಲ ಸಲ್ಲಲೇಬೇಕು. ಆದರೆ ಉದ್ದೇಶವಾಗಲಿ ಪ್ರತಿಫಲವಾಗಲಿ ಕಾನೂನಿಗೆ, ನೀತಿಗೆ, ಲೋಕಹಿತಕ್ಕೆ ವಿರುದ್ಧವಾಗಿದ್ದರೆ ಒಪ್ಪಂದವೇ ಅನೂರ್ಜಿತವೆಂದು ಅದೇ ಕಾಯಿದೆಯ 23ನೆಯ ಕಲಮು ಸಾರುತ್ತದೆ. ಸರ್ಕಾರಿ ನೌಕರಿ ಕೊಡಿಸುವೆನೆಂದು ಒಬ್ಬನೂ ಅದಕ್ಕೆ 1,000 ರೂಪಾಯಿ ಕೊಡುವೆನೆಂದು ಇನ್ನೊಬ್ಬನೂ ಮಾಡಿಕೊಂಡ ಒಪ್ಪಂದವನ್ನು ಆ ಕಲಮೇ ದೃಷ್ಟಾಂತವಾಗಿ ನೀಡಿದೆ. ನೌಕರಿಗೆ ಸಲ್ಲದ್ದು ಗುತ್ತಿಗೆಗೆ ಸಲ್ಲುವುದೆಂತು?

ಈ ತತ್ತ್ವ ನಮ್ಮ ಕಾಯಿದೆಗಿಂತಲೂ ಹಿಂದಿನದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861ರಲ್ಲಿ, ಪ್ರಾವಿಡೆನ್ಸ್ ಟೂಲ್ ಕಂಪನಿಗೆ 25,000 ಬಂದೂಕುಗಳ ಸರ್ಕಾರಿ ಗುತ್ತಿಗೆ ದೊರೆಯಿತು. ಅದನ್ನು ದೊರಕಿಸಿದ್ದಕ್ಕಾಗಿ ನಾರಿಸ್ ಎಂಬಾತನು ಪ್ರತಿಫಲ ಕೋರಿ ದಾವೆ ಹೂಡಿದನು. 1864ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಆ ಒಪ್ಪಂದವನ್ನು ಮಾನ್ಯಮಾಡಲಿಲ್ಲ. ಲಂಚ ನಿಜವಾಗಿ ಕೈಬದಲಾಯಿಸಿತೇ ಎಂಬುದಲ್ಲ, ಇಂತಹ ಒಪ್ಪಂದಗಳು ಆಡಳಿತವನ್ನು ಎತ್ತ ಒಯ್ಯುತ್ತವೆ ಎಂಬುದೇ ಮುಖ್ಯವೆಂದಿತು. ನಮ್ಮ ಸರ್ವೋಚ್ಚ ನ್ಯಾಯಾಲಯವೂ 1991ರಲ್ಲಿ, ಹೈದರಾಬಾದಿನ ಸಾಲಾರ್ ಜಂಗ್ ಆಸ್ತಿಯ ಮೊಕದ್ದಮೆಯಲ್ಲಿ, ಅಧಿಕಾರಸ್ಥರ ಮೇಲೆ ಪ್ರಭಾವ ಬೀರುವುದಕ್ಕೆ ಪಾಲು ಕೊಡುವ ಒಪ್ಪಂದವು ಅನೂರ್ಜಿತವೆಂದು ತೀರ್ಪಿತ್ತಿತು.

“ಹಾಗಾದರೆ ಕೆಲಸ ಮಾಡಿಸಿಕೊಂಡು ಕೈಯೆತ್ತಿದವನೇ ಗೆದ್ದನಲ್ಲ?” ಎಂದು ಕೇಳುವವರುಂಟು. ನ್ಯಾಯಾಲಯವು ಅವನನ್ನು ಗೆಲ್ಲಿಸುವುದಿಲ್ಲ. ಕಳಂಕಿತ ಹಣದ ಹಂಚಿಕೆಗೆ ತಾನು ತಕ್ಕಡಿ ಹಿಡಿಯಲಾರೆನೆನ್ನುತ್ತದೆ, ಅಷ್ಟೇ. ಉಳಿದ ಕಮಿಷನ್ ಅವನ ಸ್ವತ್ತೂ ಅಲ್ಲ. ಬೆಲೆ ಏರಿಸಿ ಬೊಕ್ಕಸದಿಂದ ತೆಗೆದ ಆ ಹಣ ಶಾಲೆಯ ಮಕ್ಕಳದು, ಆಸ್ಪತ್ರೆಯ ರೋಗಿಗಳದು. ಭ್ರಷ್ಟಾಚಾರ ತಡೆ ಕಾಯಿದೆಯ 2018ರ ತಿದ್ದುಪಡಿಯಂತೆ ಲಂಚ ಕೊಟ್ಟವನಿಗೂ 7 ವರ್ಷಗಳವರೆಗೆ ಕಾರಾಗೃಹವಾಸ ವಿಧಿಸಬಹುದೆಂಬುದನ್ನು ಗೆದ್ದೆನೆಂದು ಬೀಗುವವನು ಮರೆಯದಿರಲಿ.

ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನೂ, ಎಂದರೆ ರಾಜ್ಯದ ಕಟ್ಟಳೆಯನ್ನು ಮೀರಿ ಗಳಿಸುವುದನ್ನೂ ಎಣಿಸಿದೆ. ಸತ್ಯಾಣುವ್ರತವನ್ನು ಮುಂದೊಡ್ಡಿ ಅಚೌರ್ಯವನ್ನು ಮುರಿಯುವುದು ಧರ್ಮವಲ್ಲ. ಅಂತಹ ಗಳಿಕೆಯ ಒಂದು ಪಾಲು ಬಸದಿಯ ಜೀರ್ಣೋದ್ಧಾರಕ್ಕೆ ಸಂದರೆ ಅದು ಶುದ್ಧವಾದೀತೆ? ದಾನಿಯ ಹೆಸರನ್ನು ಶಿಲಾಫಲಕದಲ್ಲಿ ಕೆತ್ತಿಸುವ ಮುನ್ನ, ದಾನದ ಮೂಲವನ್ನು ವಿಚಾರಿಸುವ ಧೈರ್ಯ ಆಡಳಿತ ಮಂಡಳಿಗಳಿಗೆ ಬರಬೇಕು.

ಕೆಟ್ಟ ಮಾತನ್ನು ಉಳಿಸಿಕೊಳ್ಳುವುದು ಸತ್ಯವ್ರತವಲ್ಲ. ಅಂತಹ ಮಾತನ್ನು ಕೊಡದಿರುವುದೇ ಸತ್ಯವ್ರತ.